ಬದುವಿನ ಗಿಡ: ಶಕ್ತಿಯ ಜಮಾ-ಖರ್ಚು



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ ಎಲ್ಲದರ ಲೆಕ್ಕ ಬರೆಯುತ್ತೇವೆ. ಹೊಲದಲ್ಲಿ ಇನ್ನೊಂದು ಲೆಕ್ಕ ಇದೆ. ಅದು ಶಕ್ತಿಯ ಲೆಕ್ಕ. ಸೌದೆ, ಸೊಪ್ಪು, ಮೇವು ಬೆಳೆಯೋಕೆ ಎಷ್ಟು ಶಕ್ತಿ ಖರ್ಚಾಯ್ತು, ಎಷ್ಟು ವಾಪಸ್ ಬಂತು? ಈ ಪಾಠದಲ್ಲಿ ಅದನ್ನು ನೋಡೋಣ.

ಖರ್ಚಿನ ಕಡೆ

ಉಳುಮೆಯ ಡೀಸೆಲ್, ಪಂಪಿನ ಕರೆಂಟ್, ನಮ್ಮ ದುಡಿಮೆ – ಇವು ಕಣ್ಣಿಗೆ ಕಾಣುವ ಖರ್ಚು. ಕಾಣದೇ ಇರುವ ದೊಡ್ಡ ಖರ್ಚು ಯೂರಿಯಾದ್ದು. ಗಾಳಿಯಲ್ಲಿರುವ ಸಾರಜನಕವನ್ನು ಯೂರಿಯಾ ಮಾಡಲು ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲ ಬಳಸುತ್ತಾರೆ. 45 ಕೆ.ಜಿ.ಯ ಒಂದು ಚೀಲಕ್ಕೆ ಹಿಡಿಯುವ ಶಕ್ತಿ, ನಮ್ಮ ಅಡುಗೆಮನೆಯ 14.2 ಕೆ.ಜಿ. ಗ್ಯಾಸಿನ ಸುಮಾರು ಒಂದೂವರೆ ಸಿಲಿಂಡರಿಗೆ ಸಮ. ಸಬ್ಸಿಡಿ ಇರುವುದರಿಂದ ಚೀಲದ ಬೆಲೆ ನೋಡಿದರೆ ಇದು ಗೊತ್ತಾಗೋದಿಲ್ಲ.

ಜಮೆಯ ಕಡೆ

ಗೊಬ್ಬರದ ಗಿಡ ಅಂದರೆ ಗ್ಲಿರಿಸಿಡಿಯಾ ಒಮ್ಮೆ ನೆಟ್ಟರೆ ಹಲವಾರು ವರ್ಷ ಇರುತ್ತದೆ. ಪ್ರತಿ ವರ್ಷ ಉಳುಮೆ ಇಲ್ಲ, ಬೀಜದ ಖರ್ಚಿಲ್ಲ. ಕಡಿದಷ್ಟೂ ಚಿಗುರುತ್ತದೆ. ಇದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಕಾರ್ಖಾನೆ ಅನಿಲ ಸುಟ್ಟು ಮಾಡುವ ಕೆಲಸವನ್ನು ಈ ಗಿಡ ಬಿಸಿಲಿನ ಬಲದಿಂದ ಮಾಡುತ್ತದೆ.

ಆದರೆ ಲೆಕ್ಕ ಸರಿಯಾಗಿರಬೇಕು. ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇದೆ. 100 ಕೆ.ಜಿ. ಒಣ ಸೊಪ್ಪಿನಲ್ಲಿ ಸಿಗೋದು ಸುಮಾರು 3 ಕೆ.ಜಿ. ಹಸಿ ಸೊಪ್ಪಿನಲ್ಲಿ ನೀರೇ ಹೆಚ್ಚು, ಆದ್ದರಿಂದ 100 ಕೆ.ಜಿ.ಗೆ 1 ಕೆ.ಜಿ.ಗಿಂತ ಕಡಿಮೆ. ಹಾಗಾಗಿ ನಾಲ್ಕು ಗಿಡ ನೆಟ್ಟು ಯೂರಿಯಾ ಪೂರ್ತಿ ನಿಲ್ಲಿಸಿದರೆ ಬೆಳೆ ಸೊರಗುತ್ತದೆ. ಬದುವಿನುದ್ದಕ್ಕೂ ಸಾಲು ಬೆಳೆದಂತೆ ಚೀಲ ಕಡಿಮೆ ಮಾಡುತ್ತಾ ಹೋಗಬೇಕು.

ನಾವು ಮಾಡಬೇಕಾದ್ದು

1. ಮಳೆಗಾಲದ ಆರಂಭದಲ್ಲಿ ಬಲಿತ ಕೊಂಬೆಯ ತುಂಡುಗಳನ್ನು ಬದುವಿನ ಮೇಲೆ ನೆಡಿ. ಮೊದಲ ವರ್ಷ ಕಡಿಯಬೇಡಿ.

2. ಈ ಗಿಡಕ್ಕೆ ಯೂರಿಯಾ ಹಾಕಬೇಡಿ. ಹಾಕಿದರೆ ಬೇರಿನ ಗಂಟುಗಳ ಕೆಲಸ ಕುಗ್ಗುತ್ತದೆ, ದುಡ್ಡೂ ದಂಡ.

3. ಸೌದೆ ಮನೆಗೆ, ಸೊಪ್ಪು ಮಣ್ಣಿಗೆ. ಸಾರಜನಕ ಹೆಚ್ಚಿರೋದು ಸೊಪ್ಪಿನಲ್ಲಿ, ಕಟ್ಟಿಗೆಯಲ್ಲಿ ಬಹಳ ಕಡಿಮೆ. ಒಲೆಯ ಬೂದಿಯನ್ನೂ ಹೊಲಕ್ಕೆ ಹಾಕಿ, ಅದರಲ್ಲಿ ಪೊಟ್ಯಾಷ್ ಇದೆ.

4. ಹಸಿ ಸೌದೆಯ ತೂಕದಲ್ಲಿ ಹತ್ತಿರತ್ತಿರ ಅರ್ಧ ನೀರು. ಅದನ್ನು ಉರಿಸಿದರೆ ನೀರು ಆರಿಸೋಕೇ ಬೆಂಕಿ ವ್ಯರ್ಥ, ಕಣ್ಣಿಗೂ ಎದೆಗೂ ಹೊಗೆ. ಚೆನ್ನಾಗಿ ಒಣಗಿಸಿಯೇ ಬಳಸಿ.

5. ನೇಪಿಯರ್ ಹುಲ್ಲೂ ಹಲವು ವರ್ಷ ಬರುವ ಬೆಳೆ. ಆದರೆ ಅದರ ಬೇರಿನಲ್ಲಿ ಇಂಥ ಗಂಟುಗಳಿಲ್ಲ, ಪ್ರತಿ ಕಟಾವಿಗೂ ಗೊಬ್ಬರ ಕೇಳುತ್ತದೆ. ಕೊಟ್ಟಿಗೆ ತೊಳೆದ ನೀರು, ಗಂಜಲ, ಗೋಬರ್ ಗ್ಯಾಸಿನ ಬಗ್ಗಡ ಅದಕ್ಕೆ ಹರಿಸಿ. ಯೂರಿಯಾ ಹಾಕಲೇಬೇಕಾದರೆ ಮಣ್ಣು ಹಸಿ ಇರುವಾಗ ಹಾಕಿ ಮಣ್ಣು ಮುಚ್ಚಿ. ಮೇಲೆಯೇ ಬಿಟ್ಟರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಬದುವಿನಲ್ಲೇ ಸೌದೆ ಸಿಕ್ಕರೆ ದೂರದಿಂದ ತಲೆಹೊರೆ ತರುವ ಶ್ರಮವೂ ಉಳಿಯುತ್ತದೆ. ಆ ಶ್ರಮವೂ ಶಕ್ತಿಯೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ, ನಾವಾದರೂ ಹಿಡಿಯೋಣ.

ಸಂಘದಲ್ಲಿ ಚರ್ಚಿಸಿ

* ಕಳೆದ ವರ್ಷ ನಮ್ಮ ಸದಸ್ಯೆಯರು ಎಷ್ಟು ಚೀಲ ಯೂರಿಯಾ ತಂದರು?
* ವಾರಕ್ಕೆ ಎಷ್ಟು ಹೊತ್ತು ಸೌದೆಗೆ ಹೋಗುತ್ತದೆ?
* ಯಾರ ಬದು ಖಾಲಿ ಇದೆ? ಕೊಂಬೆಯ ತುಂಡು ಯಾರಲ್ಲಿ ಸಿಗುತ್ತದೆ?

ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಹೋಲಿಸಿ ನೋಡೋಣ.