ಸಂದೇಶ ಬಂತು, ಫೈಲ್ ಬರಲಿಲ್ಲ

ಪ್ರಶ್ನೆ: ಮಗ ಬೆಂಗಳೂರಾಗ ಕೆಲಸಕ್ಕ ಇದ್ದಾನ. ಅಲ್ಲಿಂದ ಪಹಣಿ, ಬ್ಯಾಂಕಿನ ಕಾಗದ ವಾಟ್ಸ್‌ಆ್ಯಪ್‌ನಾಗ ಹಾಕ್ತಾನ. ಫೈಲಿನ ಹೆಸರು ಕಾಣಸ್ತದ, ಬಾಣದ ಗುರುತು ಒತ್ತಿದ್ರ ಚಕ್ರ ತಿರುಗಿ ತಿರುಗಿ ನಿಂತುಬಿಡ್ತದ. ಅವನು ಬರೆದ ಮಾತು ಮಾತ್ರ ಆಗಿಂದಾಗ್ಗೆ ಬರ್ತಾವ. ಹಿಂಗ್ಯಾಕ್ರಿ?
— ರೈತರೊಬ್ಬರು, ಬೋನಾಳ

ಉತ್ತರ: ಮಾತು ಮತ್ತು ಫೈಲ್ ಒಟ್ಟಿಗೆ ಬರುವುದಿಲ್ಲ. ಮಗ ಕಳಿಸಿದ ಪಹಣಿ ಬೀಗ ಹಾಕಿದ ಸ್ಥಿತಿಯಲ್ಲಿ ಕಂಪನಿಯ ಸರ್ವರ್‌ನಲ್ಲಿ ಕೂತಿರುತ್ತದೆ. ಅದು ಎಲ್ಲಿದೆ ಎಂಬ ವಿಳಾಸ ಮತ್ತು ಬೀಗದ ಕೀಲಿಯಷ್ಟೇ ನಿಮಗೆ ಬರುತ್ತವೆ. ಅಂಚೆ ಕಚೇರಿಗೆ ಪಾರ್ಸೆಲ್ ಬಂದಿದೆ ಎಂಬ ಚೀಟಿ ಕೈಸೇರಿದ ಹಾಗೆ. ಹೋಗಿ ತರುವ ಕೆಲಸ ನಿಮ್ಮ ಫೋನಿನದು. ಹಾಗಾಗಿ ‘ಮತ್ತೊಮ್ಮೆ ಕಳಿಸು’ ಎಂದು ಮಗನಿಗೆ ಹೇಳುವ ಮೊದಲು ನಿಮ್ಮ ಫೋನನ್ನೇ ಪರೀಕ್ಷಿಸಿ.

ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲ ಅನುಮಾನ ಡೇಟಾ ಪ್ಯಾಕಿನ ಮೇಲೆ. ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ನಾಲ್ಕು ಸಾಲಿನ ಮಾತು ಸಲೀಸಾಗಿ ಬರುತ್ತದೆ, 2 ಎಂಬಿ ಫೈಲಿಗೆ ಮಾತ್ರ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ನಡುವೆ ಸಿಗ್ನಲ್ ಒಮ್ಮೆ ತಪ್ಪಿದರೂ ಚಕ್ರ ನಿಲ್ಲುತ್ತದೆ. ಮೊಮ್ಮಕ್ಕಳು ರಾತ್ರಿ ವಿಡಿಯೋ ನೋಡುವ ಮನೆಯಾದರೆ ಬೆಳಿಗ್ಗೆ, ಹೊಸ ಡೇಟಾ ಶುರುವಾದ ಮೇಲೆ ಒತ್ತಿ ನೋಡಿ.

ಆಗಲೂ ಬರದಿದ್ದರೆ ಫೋನಿನ ದಿನಾಂಕ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಳೆಯ ಫೋನ್ ಚಾರ್ಜ್ ಪೂರ್ತಿ ಇಳಿದು ಆರಿ, ಮತ್ತೆ ಹೊತ್ತಿಕೊಂಡಾಗ ತಾರೀಖು ಹಿಂದೆ ಹೋಗಿರಬಹುದು. ಸರ್ವರ್‌ನ ಭದ್ರತಾ ಪತ್ರಕ್ಕೆ ಅವಧಿ ಇರುತ್ತದೆ. ನಿಮ್ಮ ಫೋನ್ ಬೇರೆ ಯಾವುದೋ ವರ್ಷದಲ್ಲಿದ್ದರೆ ಆ ಪತ್ರ ಅಮಾನ್ಯವೆಂದು ಕಂಡು, ಫೋನ್ ಸಂಪರ್ಕವನ್ನೇ ಕಡಿದುಕೊಳ್ಳುತ್ತದೆ. ದಿನಾಂಕ, ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಬಿಡಿ.

ಇನ್ನು ಜಾಗ. ಫೋನ್ ತುಂಬಿದ್ದರೂ ಫೈಲ್ ಇಳಿಯುವುದಿಲ್ಲ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಯಾವ ಗ್ರೂಪ್ ಎಷ್ಟು ಜಾಗ ನುಂಗಿದೆ ಎಂದು ಸಾಲಾಗಿ ಕಾಣುತ್ತದೆ. ಶುಭೋದಯದ ಚಿತ್ರ, ಫಾರ್ವರ್ಡ್ ವಿಡಿಯೋಗಳನ್ನು ಅಲ್ಲಿಂದಲೇ ಅಳಿಸಬಹುದು.

ಒಂದು ಮಾತು ಬೇಡಿಕೊಂಡು ಹೇಳುತ್ತೇನೆ. ‘ಆ್ಯಪ್ ತೆಗೆದು ಮತ್ತೆ ಹಾಕಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಕೂಡಲೇ ಹಾಗೆ ಮಾಡಬೇಡಿ. ಬ್ಯಾಕಪ್ ಇಲ್ಲದಿದ್ದರೆ ಹಳೆಯ ಮಾತುಕತೆಯೆಲ್ಲ ಹೋಗುತ್ತದೆ.

ಪ್ರಶ್ನೆ: ಬೋನಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರಗಳನ್ನು ಗೆಳೆಯರು ಚಳಿಗಾಲದಲ್ಲಿ ಗ್ರೂಪಿಗೆ ಹಾಕಿದ್ದರು. ನಾನು ಆಗ ತೆರೆಯಲಿಲ್ಲ. ಈಗ ಒತ್ತಿದರೆ ‘ಮತ್ತೆ ಕಳಿಸಲು ಹೇಳಿ’ ಎನ್ನುತ್ತದೆ. ಚಿತ್ರ ಎಲ್ಲಿ ಹೋಯಿತು?
— ಪಕ್ಷಿಪ್ರೇಮಿ, ಸುರಪುರ

ಉತ್ತರ: ಸರ್ವರ್‌ನಿಂದ ಅಳಿಸಿಹೋಗಿದೆ. ವಾಟ್ಸ್‌ಆ್ಯಪ್ ಫೈಲುಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ತಲುಪದ ಸಂದೇಶವನ್ನೂ 30 ದಿನ ಕಾದು ಅಳಿಸುವುದು ಅದರ ನಿಯಮ. ಮಸುಕಾಗಿ ಕಾಣುತ್ತಿರುವುದು ಸಂದೇಶದ ಜೊತೆ ಬಂದ ಪುಟ್ಟ ಮುನ್ನೋಟ ಮಾತ್ರ. ಅದನ್ನು ಎಷ್ಟು ಒತ್ತಿದರೂ ಚಿತ್ರ ಬಾರದು. ಗೆಳೆಯರ ಫೋನಿನಲ್ಲಿ ಮೂಲಚಿತ್ರ ಇದ್ದರೆ ಮತ್ತೆ ತರಿಸಿಕೊಳ್ಳಿ. ಈ ಸಲ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಹಕ್ಕಿಯ ತಲೆಯ ಮೇಲಿನ ಪಟ್ಟೆಗಳೇ ಕಲಸಿಹೋಗಬಹುದು. ಡಾಕ್ಯುಮೆಂಟ್ ಇದ್ದಂತೆಯೇ ಬರುತ್ತದೆ. 2022ರಿಂದ 2 ಜಿಬಿವರೆಗಿನ ಫೈಲ್ ಕಳಿಸಬಹುದು. ಆದರೆ ಡಾಕ್ಯುಮೆಂಟ್ ಸಾಮಾನ್ಯವಾಗಿ ವೈಫೈ ಇದ್ದಾಗ ಮಾತ್ರ ತಾನಾಗಿ ಇಳಿಯುತ್ತದೆ, ಮೊಬೈಲ್ ಡೇಟಾದಲ್ಲಿ ನೀವೇ ಒತ್ತಬೇಕು. ಬಂದ ದಿನವೇ ಒತ್ತಿ.

ಪ್ರಶ್ನೆ: ಕಚೇರಿಯಿಂದ ಬಂದ ಸುತ್ತೋಲೆ ಇಳಿಯಿತು, ತೆರೆಯಿತು. ಆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೈಲ್ ಕೆಟ್ಟಿದೆಯೇ?
— ಶಿಕ್ಷಕಿ, ಶಹಾಪುರ

ಉತ್ತರ: ಕೆಟ್ಟಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿರಬೇಕು. ಆ ಫಾಂಟ್ ನಿಮ್ಮ ಫೋನಿನಲ್ಲಿಲ್ಲ. ಅದನ್ನು ಪಿಡಿಎಫ್ ಮಾಡಿ ಕಳಿಸಲು ಕೇಳಿ, ಇಲ್ಲವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಲಿ.

ಪ್ರಶ್ನೆ: ಸಂಘದ ಗ್ರೂಪಿಗೆ ‘ಪಿಎಂ ಕಿಸಾನ್’ ಅಂತ ಒಂದು ಫೈಲ್ ಬಂದದ. ಹೆಸರಿನ ಕೊನೀಗೆ ಎಪಿಕೆ ಅಂತ ಅದ. ಇಳಿಸಿದ್ರ ಫೋನ್ ತಡೀತದ. ಹೆಂಗ ತೆರೀಬೇಕ್ರಿ?
— ಸ್ವಸಹಾಯ ಸಂಘದ ಸದಸ್ಯೆ, ಬೋನಾಳ

ಉತ್ತರ: ತೆರೆಯಲೇಬೇಡಿ, ತಾಯಿ. ಫೋನ್ ತಡೆದದ್ದು ಒಳ್ಳೆಯದೇ ಆಯಿತು. ಎಪಿಕೆ ಎಂದರೆ ಕಾಗದವಲ್ಲ, ಫೋಟೋವೂ ಅಲ್ಲ, ಫೋನಿನೊಳಗೆ ಹೊಸದಾಗಿ ಕೂರುವ ಒಂದು ಆ್ಯಪ್. ಮದುವೆ ಆಮಂತ್ರಣ, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಎಂಬ ಹೆಸರುಗಳಲ್ಲಿ ಇಂಥವು ಓಡಾಡುತ್ತಿವೆ. ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಸಂದೇಶವನ್ನು ಓದಿ ಕದಿಯುತ್ತವೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, 2,000ದ ಮೂರು ಕಂತುಗಳಲ್ಲಿ ನೇರ ಖಾತೆಗೆ ಬರುತ್ತದೆ. ಅದಕ್ಕೆ ಗ್ರೂಪಿನಲ್ಲಿ ಬಂದ ಫೈಲ್ ಬೇಕಿಲ್ಲ. ಕಳಿಸಿದವರು ಪರಿಚಯದವರೇ ಆಗಿದ್ದರೂ ನಂಬಬೇಡಿ, ಅವರ ಫೋನ್ ಕಳ್ಳರ ಕೈಯಲ್ಲಿರಬಹುದು. ಅವರಿಗೆ ಕರೆ ಮಾಡಿ ತಿಳಿಸಿ, ಗ್ರೂಪಿನಿಂದ ಆ ಫೈಲ್ ಅಳಿಸಲು ಅಡ್ಮಿನ್‌ಗೆ ಹೇಳಿ. ಸಂಘದಲ್ಲಿ ಯಾರಾದರೂ ಈಗಾಗಲೇ ಹಾಕಿಕೊಂಡಿದ್ದರೆ ಆ ಫೋನಿನ ಡೇಟಾ, ವೈಫೈ ಎರಡನ್ನೂ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.