ನೆಲ ಯಾರ ಪಾರ್ಟಿ? ಫೈಟಿಂಗ್ ಗೇಮ್ ಸ್ಟೇಜುಗಳಲ್ಲಿ ಎರಡು ಬಗೆಯ ಎರರ್

ಸೂಪರ್ ಸ್ಮ್ಯಾಶ್ ಬ್ರೋಸ್ ಆಡುವ ಯಾವ ಹಾಸ್ಟೆಲ್ ರೂಮಿಗೆ ಹೋದರೂ ಒಂದು ಜಗಳ ಗ್ಯಾರಂಟಿ. ಒಬ್ಬರು "ಹಜಾರ್ಡ್ ಆಫ್ ಮಾಡ್ರೋ" ಅಂತಾರೆ. ಇನ್ನೊಬ್ಬರು "ಆಫ್ ಮಾಡಿದ್ಮೇಲೆ ಮಜಾ ಎಲ್ಲಿ?" ಅಂತಾರೆ. ನಮ್ಮಲ್ಲೂ ಅದೇ ಆಯಿತು. ಹೋದ ಸೆಮಿಸ್ಟರ್‌ನಲ್ಲಿ ನಾವು ನಾವೇ ಇಟ್ಟುಕೊಂಡ ಚಿಕ್ಕ ನಾಕೌಟ್‌ನ ಫೈನಲ್ ಓನೆಟ್ ಅನ್ನೋ ಸ್ಟೇಜಿಗೆ ಬಿತ್ತು. ಇಬ್ಬರದೂ ಕೊನೆಯ ಜೀವ. ಅಷ್ಟರಲ್ಲಿ ಆ ಸ್ಟೇಜಿನ ರಸ್ತೆಯಲ್ಲಿ ಬಂದ ಕಾರು ಒಬ್ಬನನ್ನು ಗುದ್ದಿ ಹೊರಗೆ ಎಸೆಯಿತು. ಸೋತವನಿಗೆ ಬೇಜಾರು, ಗೆದ್ದವನಿಗೆ ಅದಕ್ಕಿಂತ ಹೆಚ್ಚು ಬೇಜಾರು. ಮುಂದಿನ ವಾರ ಹಜಾರ್ಡ್ ಎಲ್ಲಾ ಆಫ್ ಮಾಡಿ, ಬರೀ ಚಪ್ಪಟೆ ಸ್ಟೇಜಿನಲ್ಲಿ ಆಡಿದೆವು. ಆಗ ಹೊಸದಾಗಿ ಕಲಿಯುತ್ತಿದ್ದ ಜೂನಿಯರ್‌ಗಳು ಬರೋದೇ ನಿಲ್ಲಿಸಿದರು.

ಎರಡು ವಾರ, ಎರಡು ತಪ್ಪು. ಆಮೇಲೆ ಕೂತು ಯೋಚಿಸಿದಾಗ ನಮಗೆ ಹೊಳೆದದ್ದನ್ನು ಇಲ್ಲಿ ಬರೆದಿದ್ದೇವೆ. ಅದಕ್ಕೆ ಬೇಕಾದ ಥಿಯರಿ ನಾವೆಲ್ಲ ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲೇ ಓದಿದ್ದು.

ಮೊದಲು ಬೇಸಿಕ್ಸ್

1991ರ ಸ್ಟ್ರೀಟ್ ಫೈಟರ್ 2 ನೆನಪಿಸಿಕೊಳ್ಳಿ. ಅಲ್ಲಿ ಸ್ಟೇಜ್ ಅಂದ್ರೆ ಹಿಂದಿರುವ ಚಿತ್ರ ಮತ್ತು ಹಾಡು, ಅಷ್ಟೇ. ನೆಲ ಎಲ್ಲಾ ಕಡೆ ಒಂದೇ. 1993ರ ವರ್ಚುವಾ ಫೈಟರ್‌ನಲ್ಲಿ ನೆಲಕ್ಕೆ ಅಂಚು ಬಂತು, ರಿಂಗಿನಿಂದ ಹೊರಗೆ ಬಿದ್ದರೆ ಸೋಲು. ಟೆಕ್ಕನ್ 4ರಲ್ಲಿ ಗೋಡೆಗಳೂ ಏರುತಗ್ಗಿನ ನೆಲವೂ ಬಂದವು. ಮುಂದಿನ ಟೆಕ್ಕನ್‌ನಲ್ಲಿ ಗೋಡೆ ಉಳಿಯಿತು, ಏರುತಗ್ಗು ಹೋಯಿತು.

1999ರಲ್ಲಿ ಮಸಾಹಿರೊ ಸಕುರಾಯ್ ನಿರ್ದೇಶನದ ಸ್ಮ್ಯಾಶ್ ನಿಂಟೆಂಡೊ 64ಕ್ಕೆ ಬಂದಾಗ ನೆಲವೇ ಆಟದ ಅರ್ಧ ಭಾಗ ಆಯಿತು. ಇಲ್ಲಿ ಹೆಲ್ತ್ ಬಾರ್ ಇಲ್ಲ, ಪರ್ಸೆಂಟ್ ಇದೆ. ಪರ್ಸೆಂಟ್ ಹೆಚ್ಚಾದಷ್ಟೂ ಏಟು ಬಿದ್ದಾಗ ದೂರ ಹಾರುತ್ತೀರಿ. ಪರದೆಯ ಆಚೆ ಒಂದು ಗಡಿ ಇದೆ, ಅದಕ್ಕೆ ಬ್ಲಾಸ್ಟ್ ಜೋನ್ ಅಂತಾರೆ. ಅದನ್ನು ದಾಟಿದರೆ ಒಂದು ಜೀವ ಹೋಯಿತು. ಹಾಗಾಗಿ ಆ ಗಡಿ ಎಷ್ಟು ದೂರ, ಪ್ಲಾಟ್‌ಫಾರ್ಮ್ ಎಷ್ಟು ಎತ್ತರ ಅನ್ನೋದು ಬರೀ ಅಲಂಕಾರ ಅಲ್ಲ, ಫಲಿತಾಂಶದ ಲೆಕ್ಕದಲ್ಲೇ ಸೇರಿಕೊಂಡಿದೆ.

ಇದರ ಮೇಲೆ ಹಜಾರ್ಡ್‌ಗಳು. ಓನೆಟ್‌ನಲ್ಲಿ ಕಾರು. 2001ರ ಮೆಲೀ ಗೇಮಿನ ಬ್ರಿನ್‌ಸ್ಟಾರ್‌ನಲ್ಲಿ ಕೆಳಗಿನಿಂದ ಉಕ್ಕಿ ಬರುವ ಆಸಿಡ್. ಬಿಗ್ ಬ್ಲೂನಲ್ಲಿ ಓಡುತ್ತಿರುವ ರೇಸ್ ಕಾರುಗಳೇ ನೆಲ.

ಲ್ಯಾಬಿಗೆ ಬನ್ನಿ

ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದದ್ದು ನೆನಪಿದೆಯಾ? ಐದು ಸಲ ಅಳೆದರೆ ಐದು ರೀಡಿಂಗ್ ಸ್ವಲ್ಪ ಸ್ವಲ್ಪ ಬೇರೆ ಬರುತ್ತಿತ್ತು. ಅದು ರ‍್ಯಾಂಡಮ್ ಎರರ್. ಹೆಚ್ಚು ರೀಡಿಂಗ್ ತೆಗೆದು ಸರಾಸರಿ ಮಾಡಿದರೆ ಅದು ಕಡಿಮೆ ಆಗುತ್ತದೆ. ಇನ್ನೊಂದು ಜೀರೋ ಎರರ್. ಗೇಜೇ ಸರಿ ಇಲ್ಲದಿದ್ದರೆ ನೂರು ಸಲ ಅಳೆದರೂ ತಪ್ಪು ಒಂದೇ ದಿಕ್ಕಿಗೆ ಇರುತ್ತದೆ. ಅದು ಸಿಸ್ಟಮ್ಯಾಟಿಕ್ ಎರರ್. ಸರಾಸರಿಯಿಂದ ಹೋಗಲ್ಲ, ಅದಕ್ಕೆ ಕರೆಕ್ಷನ್ ಬೇಕು.

ಒಂದು ಮ್ಯಾಚ್ ಕೂಡ ಒಂದು ರೀಡಿಂಗ್ ಅಂದುಕೊಳ್ಳಿ. ಇಬ್ಬರಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಅಂತ ಅಳೆಯುತ್ತಿದ್ದೇವೆ. ಕಾರು ಬಂದು ಗುದ್ದುವುದು ರ‍್ಯಾಂಡಮ್ ಎರರ್. ಇವತ್ತು ನಿಮಗೆ, ನಾಳೆ ನನಗೆ. ನೂರು ಮ್ಯಾಚ್ ಆಡಿದರೆ ಹೆಚ್ಚುಕಡಿಮೆ ಸಮ ಆಗುತ್ತದೆ. ತೊಂದರೆ ಏನಂದ್ರೆ ಟೂರ್ನಮೆಂಟಿನಲ್ಲಿ ನೂರು ಮ್ಯಾಚ್ ಇರಲ್ಲ. ಮೂರರಲ್ಲಿ ಎರಡು, ಅಥವಾ ಐದರಲ್ಲಿ ಮೂರು, ಅಷ್ಟೇ. ಅಷ್ಟು ಕಡಿಮೆ ರೀಡಿಂಗಿನಲ್ಲಿ ಒಂದು ಕಾರು ಇಡೀ ಉತ್ತರವನ್ನೇ ಬದಲಿಸುತ್ತದೆ.

ಹಾಗಾದ್ರೆ ಹಜಾರ್ಡ್ ತೆಗೆದರೆ ಮುಗೀತಲ್ವಾ? ಇಲ್ಲ. ಈ ಮೂರು ಸ್ಟೇಜ್ ನೋಡಿ. ಮೂರೂ ಮೆಲೀ ಗೇಮಿನವು.

ಟೆಂಪಲ್: ಹಜಾರ್ಡ್ ಇಲ್ಲ, ಆದರೂ ಬ್ಯಾನ್

ಟೆಂಪಲ್ ಸ್ಟೇಜಿನಲ್ಲಿ ಕಾರಿಲ್ಲ, ಆಸಿಡ್ ಇಲ್ಲ. ತುಂಬಾ ದೊಡ್ಡ, ಶಾಂತವಾದ ದೇಗುಲ. ಆದರೂ ಟೂರ್ನಮೆಂಟಿನಲ್ಲಿ ಇದಕ್ಕೆ ಜಾಗ ಇಲ್ಲ. ಯಾಕಂದ್ರೆ ಅದನ್ನು ಸುತ್ತು ಹೊಡೆಯಬಹುದು. ಫಾಕ್ಸ್‌ನಂಥ ವೇಗದ ಪಾತ್ರ ಹಿಡಿದವರು ಒಂದು ಏಟು ಕೊಟ್ಟು, ಮುನ್ನಡೆ ಪಡೆದು, ಟೈಮ್ ಮುಗಿಯುವ ತನಕ ಓಡುತ್ತಲೇ ಇರಬಹುದು. ನಿಧಾನದ ಪಾತ್ರದವರು ಹಿಡಿಯೋಕೆ ಆಗೋದೇ ಇಲ್ಲ. ಎಷ್ಟು ಸಲ ಆಡಿದರೂ ಲಾಭ ಅದೇ ಕಡೆಗೆ. ಶುದ್ಧ ಜೀರೋ ಎರರ್.

ಯೋಶೀಸ್ ಸ್ಟೋರಿ: ಚಲಿಸುವ ಮೋಡ, ಆದರೂ ಓಕೆ

ಯೋಶೀಸ್ ಸ್ಟೋರಿಯಲ್ಲಿ ಒಂದು ಪುಟ್ಟ ಮೋಡ ಸ್ಟೇಜಿನ ಸುತ್ತ ಓಡಾಡುತ್ತದೆ. ಆಟಗಾರರು ಅದನ್ನು ರ‍್ಯಾಂಡಲ್ ಅಂತ ಕರೀತಾರೆ. ಕೆಳಗೆ ಬೀಳುತ್ತಿರುವವರು ಅದರ ಮೇಲೆ ನಿಂತು ಬದುಕಿಬಿಡಬಹುದು. ಇಷ್ಟು ದೊಡ್ಡ ಪರಿಣಾಮ ಇದ್ದರೂ ಈ ಸ್ಟೇಜ್ ಲೀಗಲ್. ಕಾರಣ, ರ‍್ಯಾಂಡಲ್ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಒಂದು ಸುತ್ತಿಗೆ ಸರಿಯಾಗಿ 20 ಸೆಕೆಂಡ್. 60ರಲ್ಲಿ 20 ಮೂರು ಸಲ ಹೋಗುತ್ತದೆ, ಹಾಗಾಗಿ ಪ್ರತಿ ನಿಮಿಷವೂ ಅದೇ ಸೆಕೆಂಡಿಗೆ ಅದೇ ಜಾಗ. ಟೈಮರ್ ನೋಡಿ ಮಾಡ್ಯುಲೋ 20 ಹಾಕಿದರೆ ಮೋಡ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಳ್ಳೆಯ ಆಟಗಾರರು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಕಲಿಯಬಹುದಾದದ್ದು ಎರರ್ ಅಲ್ಲ, ಅದು ಸಿಲಬಸ್.

ಫೈನಲ್ ಡೆಸ್ಟಿನೇಶನ್: ಪೂರ್ತಿ ಚಪ್ಪಟೆ, ಆದರೂ ನ್ಯೂಟ್ರಲ್ ಅಲ್ಲ

ಪ್ಲಾಟ್‌ಫಾರ್ಮೂ ಇಲ್ಲ, ಹಜಾರ್ಡೂ ಇಲ್ಲ. ಇದಕ್ಕಿಂತ ನ್ಯಾಯ ಉಂಟಾ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ತಪ್ಪಿಸಿಕೊಳ್ಳೋಕೆ ಪ್ಲಾಟ್‌ಫಾರ್ಮ್ ಇಲ್ಲದಿದ್ದರೆ ಮಾರ್ತ್ ಪಾತ್ರ ಫಾಕ್ಸನ್ನು ಹಿಡಿದು ಎಸೆದು, ಮತ್ತೆ ಹಿಡಿದು ಮತ್ತೆ ಎಸೆಯಬಹುದು. ಚಪ್ಪಟೆ ನೆಲ ಕೂಡ ಒಬ್ಬರ ಪಾರ್ಟಿ ಸೇರಿರುತ್ತದೆ. ನ್ಯೂಟ್ರಲ್ ನೆಲ ಅನ್ನೋದೇ ಇಲ್ಲ.

ಇವತ್ತು ಮೆಲೀ ಟೂರ್ನಮೆಂಟುಗಳಲ್ಲಿ ಉಳಿದಿರುವುದು ಮುಖ್ಯವಾಗಿ ಆರೇ ಸ್ಟೇಜ್: ಬ್ಯಾಟಲ್‌ಫೀಲ್ಡ್, ಫೈನಲ್ ಡೆಸ್ಟಿನೇಶನ್, ಯೋಶೀಸ್ ಸ್ಟೋರಿ, ಡ್ರೀಮ್ ಲ್ಯಾಂಡ್, ಫೌಂಟನ್ ಆಫ್ ಡ್ರೀಮ್ಸ್, ಪೋಕೆಮಾನ್ ಸ್ಟೇಡಿಯಂ. ಇವೂ ಪೂರ್ತಿ ಕ್ಲೀನ್ ಅಲ್ಲ. ಡ್ರೀಮ್ ಲ್ಯಾಂಡಿನಲ್ಲಿ ಮರ ಗಾಳಿ ಊದುತ್ತದೆ. ಫೌಂಟನ್‌ನಲ್ಲಿ ಪಕ್ಕದ ಪ್ಲಾಟ್‌ಫಾರ್ಮುಗಳು ಏರಿಳಿಯುತ್ತವೆ. ಆದರೆ ಅವು ಯಾರನ್ನೂ ತಾವಾಗಿಯೇ ಕೊಲ್ಲುವುದಿಲ್ಲ. ಎರರ್ ಸೊನ್ನೆ ಆಗಬೇಕಿಲ್ಲ, ಅಳೆಯುವ ವಸ್ತುವಿಗಿಂತ ಚಿಕ್ಕದಾಗಿದ್ದರೆ ಸಾಕು.

ಕರೆಕ್ಷನ್ ಹೇಗೆ?

ರ‍್ಯಾಂಡಮ್ ಎರರಿಗೆ 2018ರ ಅಲ್ಟಿಮೇಟ್‌ನಲ್ಲಿ ಸ್ವಿಚ್ಚೇ ಇದೆ. ಹಜಾರ್ಡ್ ಆಫ್ ಮಾಡಿದರೆ ಪೋಕೆಮಾನ್ ಸ್ಟೇಡಿಯಂ 2 ರೂಪ ಬದಲಿಸುವುದಿಲ್ಲ, ಲೈಲಾಟ್ ಕ್ರೂಸ್ ವಾಲುವುದಿಲ್ಲ. ಆದರೆ ಆ ಸ್ವಿಚ್ ಒತ್ತಿದರೆ ಟೆಂಪಲ್ ಚಿಕ್ಕದಾಗಲ್ಲ. ಓನೆಟ್‌ನಲ್ಲಿ ಕಾರು ಹೋದರೂ ನೆಲ ಎರಡೂ ಕಡೆ ಬ್ಲಾಸ್ಟ್ ಜೋನ್ ತನಕ ಹಾಗೇ ಮುಂದುವರಿದಿರುತ್ತದೆ. ಆ ಅಂಚಿನಲ್ಲಿ ಕೂತು, ಹತ್ತಿರ ಬಂದವರನ್ನು ಹಿಡಿದು ಹಿಂದಕ್ಕೆ ಎಸೆದರೆ ಮುಗೀತು.

ಸಿಸ್ಟಮ್ಯಾಟಿಕ್ ಎರರಿಗೆ ಆಟಗಾರರೇ ಕಂಡುಕೊಂಡ ದಾರಿ ಸ್ಟ್ರೈಕಿಂಗ್. ಐದು ಸ್ಟೇಜ್ ಇವೆ ಅನ್ನಿ. ಎ ಎಂಬ ಆಟಗಾರನಿಗೆ 1ನೇದು ಅತ್ಯಂತ ಲಾಭ, 5ನೇದು ಅತ್ಯಂತ ನಷ್ಟ. ಬಿ ಎಂಬ ಆಟಗಾರನಿಗೆ ಸರಿಯಾಗಿ ಉಲ್ಟಾ. ಮೊದಲು ಎ ಒಂದನ್ನು ಹೊಡೆದು ಹಾಕುತ್ತಾನೆ: 5 ಹೋಯಿತು. ನಂತರ ಬಿ ಎರಡನ್ನು: 1 ಮತ್ತು 2 ಹೋದವು. ಮತ್ತೆ ಎ ಒಂದನ್ನು: 4 ಹೋಯಿತು. ಉಳಿದದ್ದು 3, ಅಂದರೆ ಮೀಡಿಯನ್. ನ್ಯೂಟ್ರಲ್ ಸ್ಟೇಜ್ ಎಲ್ಲೂ ಇಲ್ಲ, ಆದರೆ ಈ ಇಬ್ಬರ ಮಟ್ಟಿಗೆ ನಡುವಿನದು ಒಂದು ಇದ್ದೇ ಇರುತ್ತದೆ. ಅದನ್ನು ಹುಡುಕೋಕೆ ಅಂಪೈರೂ ಬೇಡ. ಇಬ್ಬರೂ ತಮ್ಮ ಸ್ವಾರ್ಥ ನೋಡಿಕೊಂಡರೆ ಸಾಕು, ನ್ಯಾಯ ತಾನಾಗಿ ಬರುತ್ತದೆ. ನಮಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಹಾಗಾದ್ರೆ ಕಾರು ಯಾಕೆ ಬೇಕು?

ಈಗ ಜೂನಿಯರ್‌ಗಳ ವಿಷಯ. ನಾವು ಎಲ್ಲಾ ಎರರ್ ತೆಗೆದಾಗ ಅಳತೆ ನಿಖರ ಆಯಿತು. ಅಂದರೆ ಅವರು ಪ್ರತಿ ಸಲವೂ ಸೋತರು, ನಿಖರವಾಗಿ. ಕಲಿಯೋ ಮೊದಲೇ ಇಪ್ಪತ್ತು ಸಲ ಸೋತವರು ಇಪ್ಪತ್ತೊಂದನೇ ಸಲಕ್ಕೆ ಯಾಕೆ ಬರ್ತಾರೆ? ನಾಲ್ಕು ಜನ ಒಟ್ಟಿಗೆ ಕೂತಾಗ ಆ ಕಾರು ಒಂದು ಕೆಲಸ ಮಾಡುತ್ತದೆ. ಚೆನ್ನಾಗಿ ಆಡುವವರೂ ಒಮ್ಮೊಮ್ಮೆ ಬೀಳ್ತಾರೆ, ಹೊಸಬರೂ ಒಮ್ಮೊಮ್ಮೆ ಗೆಲ್ತಾರೆ, ಎಲ್ಲರೂ ನಗ್ತಾರೆ. ಅಲ್ಲಿ ನಾವು ಯಾರನ್ನೂ ಅಳೆಯುತ್ತಿಲ್ಲ. ಅಳೆಯದೇ ಇದ್ದ ಮೇಲೆ ಎರರ್ ಅನ್ನೋ ಮಾತೇ ಇಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಮೋರಿಗೆ ಬಿದ್ದ ಬಾಲಿಗೆ ಯಾರೂ ಥರ್ಡ್ ಅಂಪೈರ್ ಕೇಳಲ್ಲ.

ನಮ್ಮ ತಪ್ಪು ಹಜಾರ್ಡ್ ಆನ್ ಮಾಡಿದ್ದೂ ಅಲ್ಲ, ಆಫ್ ಮಾಡಿದ್ದೂ ಅಲ್ಲ. ಇವತ್ತು ಅಳೆಯೋಕೆ ಕೂತಿದ್ದೀವಾ, ಸುಮ್ನೆ ಸೇರೋಕೆ ಕೂತಿದ್ದೀವಾ ಅಂತ ಮೊದಲೇ ಹೇಳದೇ ಇದ್ದದ್ದು ತಪ್ಪು. ಫೈನಲ್‌ನಲ್ಲಿ ಸೋತವನು ಅಳೆಯೋಕೆ ಬಂದಿದ್ದ. ಜೂನಿಯರ್‌ಗಳು ಸೇರೋಕೆ ಬಂದಿದ್ದರು. ಇಬ್ಬರಿಗೂ ತಪ್ಪು ನೆಲ ಕೊಟ್ಟೆವು.

ಹಾಗಾಗಿ ಸ್ಟೇಜ್ ಆರಿಸುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಇವತ್ತಿನ ಫಲಿತಾಂಶ ನಾಳೆಯೂ ಲೆಕ್ಕಕ್ಕೆ ಬರುತ್ತದಾ? ಇಲ್ಲ ಅಂದ್ರೆ ಮುಂದಿನ ಮೂರು ಪ್ರಶ್ನೆ ಬಿಡಿ, ಕಾರು ಬರಲಿ.
2. ಹಜಾರ್ಡ್ ಯಾವಾಗ ಬರುತ್ತದೆ ಅಂತ ಕಲಿಯಬಹುದಾ? ಕಲಿಯಬಹುದು ಅಂದ್ರೆ ಅದು ರ‍್ಯಾಂಡಲ್, ಇರಲಿ.
3. ಮುನ್ನಡೆ ಪಡೆದವರು ಟೈಮ್ ಮುಗಿಯುವವರೆಗೆ ಓಡಬಹುದಾ, ಅಂಚಿನಲ್ಲಿ ಕೂರಬಹುದಾ? ಹೌದಾದರೆ ಸ್ಟೇಜ್ ಬೇಡ.
4. ಉಳಿದವುಗಳಲ್ಲಿ ಇಬ್ಬರೂ ಸ್ಟ್ರೈಕ್ ಮಾಡಿದ್ದಾರಾ?

ನಮ್ಮ ರೂಮಿನಲ್ಲಿ ಈಗ ಶುಕ್ರವಾರ ಓನೆಟ್, ಭಾನುವಾರ ಸ್ಟ್ರೈಕಿಂಗ್. ಶುಕ್ರವಾರ ಬರೋ ಜೂನಿಯರ್‌ಗಳಲ್ಲಿ ಇಬ್ಬರು ಈಚೆಗೆ ಭಾನುವಾರವೂ ಬರೋಕೆ ಶುರು ಮಾಡಿದ್ದಾರೆ. ಅದರಲ್ಲಿ ಒಬ್ಬ ರ‍್ಯಾಂಡಲ್ ಟೈಮಿಂಗ್ ಬರೆದುಕೊಂಡು ಬಂದಿದ್ದ.