ಅಮ್ಮನನ್ನು ಎಲ್ಲಿ ‘ಇಡುವುದು’?

ನಾನು ಬೆಂಗಳೂರಿನಲ್ಲಿ ಹೈಸ್ಕೂಲ್ ಟೀಚರ್, ವಯಸ್ಸು 48. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. 76 ವರ್ಷದ ಅಮ್ಮ ತೀರ್ಥಹಳ್ಳಿ ಹತ್ತಿರದ ಊರ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೆಳಿಗ್ಗೆ ಬರುವ ಶಾರದಕ್ಕ ಪಾತ್ರೆ, ಕಸ ಮುಗಿಸಿ ಹನ್ನೊಂದಕ್ಕೆ ಹೋದರೆ ಅಮ್ಮ ಮತ್ತೆ ಮನುಷ್ಯರ ಮುಖ ಕಾಣುವುದು ಮರುದಿನವೇ. ಐದು ತಿಂಗಳಿಂದ ಮರೆವು ಶುರುವಾಗಿದೆ. ಎರಡು ಸಲ ಹಾಲು ಒಲೆಯ ಮೇಲೆ ಸೀದುಹೋಗಿದೆ. ಬಿಪಿ ಮಾತ್ರೆ ತೆಗೆದುಕೊಂಡದ್ದು ನೆನಪಿರುವುದಿಲ್ಲ. ಹೋದ ತಿಂಗಳು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದವರು ಬೆಳಗಿನವರೆಗೂ ಅಲ್ಲೇ ಕೂತಿದ್ದರಂತೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಅಮೆರಿಕದಲ್ಲಿರುವ ಅಣ್ಣ, ‘ಮನೆ, ತೋಟ ನನ್ನ ಹೆಸರಿಗೆ ದಾನಪತ್ರ ಮಾಡಿಸು, ಮಾರಿ ಅಮ್ಮನನ್ನು ಒಳ್ಳೇ ಸೀನಿಯರ್ ಲಿವಿಂಗ್‌ನಲ್ಲಿ ಇಡೋಣ’ ಅನ್ನುತ್ತಾನೆ. ನನ್ನದು ಮೂರನೇ ಮಹಡಿಯ ಎರಡು ರೂಮಿನ ಮನೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ನಾವಿಬ್ಬರೂ ಮನೆ ಸೇರುವುದು ಸಂಜೆ ಐದೂವರೆಗೆ. ಚಿಕ್ಕಪ್ಪ ಫೋನಿನಲ್ಲಿ, ‘ಹೆತ್ತವಳನ್ನ ಆಶ್ರಮಕ್ಕೆ ಹಾಕ್ತೀರೇನೇ’ ಎಂದು ಬೈದರು. ನನಗೆ ನಿದ್ದೆ ಬರುತ್ತಿಲ್ಲ. ಅಮ್ಮನನ್ನು ಎಲ್ಲಿ ಇಡಬೇಕು, ನೀವೇ ಹೇಳಿ.

– ಹೆಸರು ಬೇಡ, ಬೆಂಗಳೂರು

*

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅಣ್ಣ ಹೇಳಿದ್ದು, ಚಿಕ್ಕಪ್ಪ ಬೈದದ್ದು, ನಿಮ್ಮ ಸಂಕಟ ಎಲ್ಲ ಅದರಲ್ಲಿದೆ. ಅಮ್ಮ ಏನನ್ನುತ್ತಾರೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ಇದನ್ನು ಆಕ್ಷೇಪಣೆ ಎಂದುಕೊಳ್ಳಬೇಡಿ. ವಯಸ್ಸಾದವರ ವಿಷಯ ಬಂದರೆ ನಾವೆಲ್ಲ ಹೀಗೇ ಮಾತಾಡುತ್ತೇವೆ. ‘ಎಲ್ಲಿ ಇಡೋದು’, ‘ಆಶ್ರಮಕ್ಕೆ ಹಾಕೋದು’, ‘ಮಗಳ ಮನೇಲಿ ಬಿಟ್ಟಿದ್ದಾರೆ’. ಇಡುವುದು, ಹಾಕುವುದು, ಬಿಡುವುದು ಎಲ್ಲ ನಾವೇ. ಅವರು ಇರುವವರು ಎಂಬುದು ಮಾತಿನಿಂದಲೇ ಜಾರಿಹೋಗಿರುತ್ತದೆ. ‘ಅಮ್ಮ ಎಲ್ಲಿರುತ್ತಾರೆ, ಅಲ್ಲಿ ಅವರಿಗೆ ಯಾವ ಹೊತ್ತಿಗೆ ಯಾವ ಸಹಾಯ ಬೇಕು’ ಎಂದು ಕೇಳಿಕೊಂಡು ನೋಡಿ. ನಿಮ್ಮ ಮುಂದಿರುವ ಗೋಜಲು ಅರ್ಧ ಸಡಿಲವಾಗುತ್ತದೆ.

ಆದರೆ ಅದಕ್ಕೂ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ‘ವಯಸ್ಸಾಯ್ತಲ್ಲ, ಮರೆವು ಬರತ್ತೆ’ ಎಂದು ಯಾರು ಹೇಳಿದರೂ ಒಪ್ಪಬೇಡಿ. ಐದೇ ತಿಂಗಳಲ್ಲಿ ಶುರುವಾದ ಮರೆವಿಗೆ ಥೈರಾಯ್ಡ್ ಕಾರಣವಿರಬಹುದು, ಬಿ12 ಕೊರತೆ ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಬಿದ್ದವರು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ ಒಳಗೆ ನಿಧಾನವಾಗಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಗಂಡ ಹೋದ ಮೇಲೆ ಮಾತಿಗೆ ಜನವಿಲ್ಲದೆ ಕವಿದ ಖಿನ್ನತೆಯೂ ಹೊರಗಿನವರಿಗೆ ಮರೆವಿನಂತೆಯೇ ಕಾಣುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ನನ್ನ ಅತ್ತೆಯವರು 74ನೇ ವಯಸ್ಸಿನಲ್ಲಿ ಒಂದೇ ವಾರದಲ್ಲಿ ಮನೆಯವರ ಗುರುತು ಹಿಡಿಯದಂತಾದರು. ನಾವು ಅಳುತ್ತಾ ಹೋಂ ನರ್ಸ್ ಹುಡುಕತೊಡಗಿದ್ದೆವು. ರಕ್ತಪರೀಕ್ಷೆಯಲ್ಲಿ ಸೋಡಿಯಂ ತೀರಾ ಕಡಿಮೆ ಬಂತು. ಬಿಪಿಗೆಂದು ಕೊಡುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ಕಾರಣವಾಗಿತ್ತು. ಅದನ್ನು ಬದಲಾಯಿಸಿದ ಹತ್ತು ದಿನಕ್ಕೆ ಅವರೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಿಮ್ಮ ಅಮ್ಮನೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೊಂಡದ್ದು ಮರೆತು ಎರಡೆರಡು ಸಲ ನುಂಗಿರಲೂಬಹುದು. ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ.

ಮರೆಗುಳಿ ಕಾಯಿಲೆಯೇ ಎಂದಾದರೂ ನೀವು ಒಂಟಿಯಲ್ಲ. ದೇಶದ 60 ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಚಿಕಿತ್ಸಾ ವಿಭಾಗವಿದೆ. ರೋಗದ ಹೆಸರು ಖಚಿತವಾಗುವವರೆಗೆ ಮನೆ ಬದಲಿಸುವ ತೀರ್ಮಾನ ಬೇಡ. ಇದಕ್ಕೆ ಕಾರಣವಿದೆ. ನೆನಪು ಕಳಚುತ್ತಿರುವವರಿಗೆ ಹಳೆಯ ಮನೆಯ ಹೊಸ್ತಿಲು, ದೇವರ ಕೋಣೆ, ಬಾವಿಕಟ್ಟೆಗಳೇ ದಿಕ್ಸೂಚಿ. ಅಲ್ಲಿಂದ ಎಬ್ಬಿಸಿದರೆ ಗೊಂದಲ ಒಮ್ಮೆಲೇ ಹೆಚ್ಚಾಗಬಹುದು. ಮರೆವು ಗುಣವಾಗುವಂಥದ್ದಾದರೆ ಎಲ್ಲಿಗೆ ಬೇಕಾದರೂ ಹೋಗಿಬರಲು ಅವರಿಗೆ ಕಷ್ಟವಾಗದು.

ಇನ್ನು ಸಹಾಯದ ಮಾತು. ರಜೆ ಹಾಕಿ ಒಂದು ವಾರ ಊರಿಗೆ ಹೋಗಿ. ಅಡುಗೆಮನೆ ನಿಮ್ಮ ಕೈಗೆ ತೆಗೆದುಕೊಳ್ಳದೆ, ಅಮ್ಮನ ದಿನವನ್ನು ಸುಮ್ಮನೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಸಂಗಡಿಗರೊಡನೆ ರೂಪಿಸಿದ ಒಂದು ಅಳತೆಯನ್ನು ಈಗಲೂ ಲೋಕವೆಲ್ಲ ಬಳಸುತ್ತದೆ. ಅದರಲ್ಲಿರುವುದು ಆರೇ ಕೆಲಸ: ಸ್ನಾನ, ಬಟ್ಟೆ ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಕೈಯಾರೆ ಉಣ್ಣುವುದು. ಇವುಗಳಲ್ಲಿ ಎಷ್ಟನ್ನು ಅಮ್ಮ ಯಾರ ನೆರವೂ ಇಲ್ಲದೆ ಮಾಡುತ್ತಾರೆ ನೋಡಿ. ಕಾಗದ ಓದಿದರೆ ಆರೂ ಕೈಲಾಗುತ್ತಿವೆ ಎಂದೇ ನನಗನ್ನಿಸುತ್ತದೆ. ತಪ್ಪುತ್ತಿರುವುದು ಇನ್ನೊಂದು ಬಗೆಯ ಕೆಲಸಗಳಲ್ಲಿ, ಒಲೆ ಆರಿಸುವುದು, ಮಾತ್ರೆಯ ಲೆಕ್ಕ ಇಡುವುದು ಇಂಥವುಗಳಲ್ಲಿ. ಜೊತೆಗೆ ರಾತ್ರಿಯ ಭಯ ಇದೆ. ಅಂದರೆ ಅಮ್ಮನಿಗೆ ಬೇಕಿರುವುದು ಹಗಲು ರಾತ್ರಿ ಆರೈಕೆ ಮಾಡುವ ಸಂಸ್ಥೆಯಲ್ಲ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮನೆಯಲ್ಲಿ ಇನ್ನೊಂದು ಜೀವ ಬೇಕು.

ಹಾಗಾಗಿ ಈಗಿನ ಮಟ್ಟಿಗೆ ನನ್ನ ಮನಸ್ಸು ಅವರ ಮನೆಯ ಕಡೆಗೇ ವಾಲುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಬಚ್ಚಲು ಹಿಂಬದಿಗೆ, ಕೆಲವೊಮ್ಮೆ ಅಂಗಳ ದಾಟಿ ಇರುತ್ತದೆ. ರಾತ್ರಿ ಅಲ್ಲಿಗೆ ಹೋಗುವ ಪ್ರಮೇಯವನ್ನೇ ತಪ್ಪಿಸಿ, ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿಸಿ. ಬಚ್ಚಲ ಗೋಡೆಗೆ ಹಿಡಿಕೆ ಬೇಕು, ಕರೆಂಟ್ ಹೋದರೂ ಉರಿಯುವ ದೀಪ ಬೇಕು. ವಾರದ ಮಾತ್ರೆಗಳನ್ನು ದಿನವಾರು ತುಂಬಿಡುವ ಡಬ್ಬಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ರಾತ್ರಿ ಮಲಗಲು ಬರುತ್ತಾರೆಯೇ ಎಂದು ಶಾರದಕ್ಕನನ್ನು ಕೇಳಿ. ಪ್ರೀತಿಯ ಮೇಲೆ ಕೇಳಬೇಡಿ, ತಿಂಗಳಿಗೆ ಇಷ್ಟು ಸಂಬಳ, ಇಷ್ಟು ರಜೆ ಎಂದು ಮಾತಾಡಿ ಕೇಳಿ. ಆ ಸಂಬಳ ಅಣ್ಣ ಕೊಡಲಿ. ಅಷ್ಟು ದೂರದಿಂದ ಅವರು ತಪ್ಪದೆ ಮಾಡಬಹುದಾದ ಕೆಲಸವಿದು.

ಏಜೆನ್ಸಿಯಿಂದ ಜನ ಬೇಕಾದರೆ ಒಂದು ಎಚ್ಚರ. ಹೋಂ ನರ್ಸ್ ಎಂದು ಬರುವವರೆಲ್ಲ ನರ್ಸ್‌ಗಳಲ್ಲ. ಜಿಎನ್‌ಎಂ ಇಲ್ಲವೇ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದವರು ಬೇರೆ, ಒಂದಿಷ್ಟು ತರಬೇತಿ ಪಡೆದ ಸಹಾಯಕಿಯರು ಬೇರೆ. ನಿಮ್ಮ ಅಮ್ಮನಿಗೆ ಸಹಾಯಕಿ ಸಾಕು. ನರ್ಸಿನ ದರ ಕೊಟ್ಟು ಸಹಾಯಕಿಯನ್ನು ಪಡೆಯಬೇಡಿ.

ಮಳೆಗಾಲ ಮಾತ್ರ ಬೇರೆಯೇ ಲೆಕ್ಕ. ಅಂಗಳವೆಲ್ಲ ಪಾಚಿ, ಎರಡು ದಿನ ಕರೆಂಟಿಲ್ಲ, ಫೋನ್ ಸಿಗುವುದಿಲ್ಲ. ಡಾಕ್ಟರು ಒಪ್ಪಿದರೆ ಆ ಮೂರ್ನಾಲ್ಕು ತಿಂಗಳು ಅಮ್ಮ ನಿಮ್ಮ ಜೊತೆ ಇದ್ದು, ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಮರಳಬಹುದು. ಆದರೆ ಮೂರನೇ ಮಹಡಿಯ ಬಾಗಿಲು ಹಾಕಿಕೊಂಡು ಒಂಬತ್ತೂವರೆ ಗಂಟೆ ಒಂಟಿಯಾಗಿದ್ದರೆ ಊರಿನ ಒಂಟಿತನಕ್ಕಿಂತ ಅದು ಕೆಟ್ಟದ್ದು. ಬೆಂಗಳೂರಿನಲ್ಲಿ ಹಿರಿಯರ ಹಗಲು ಆರೈಕೆ ಕೇಂದ್ರಗಳಿವೆ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವಂಥವು. ನಿಮ್ಮ ದಾರಿಯಲ್ಲಿ ಒಂದು ಸಿಕ್ಕೀತೇ ನೋಡಿ. ಮರೆಗುಳಿ ಕಾಯಿಲೆಯೇ ಎಂದಾದರೆ ಮಾತ್ರ ಈ ಓಡಾಟ ಕೂಡದು.

ಅಣ್ಣ ಹೇಳುವ ಸೀನಿಯರ್ ಲಿವಿಂಗ್ ತಪ್ಪು ಯೋಚನೆಯಲ್ಲ, ಮೈಸೂರು, ಕೊಯಮತ್ತೂರುಗಳಲ್ಲಿ ಅಲ್ಲಿ ನೆಮ್ಮದಿಯಾಗಿರುವ ದಂಪತಿಗಳನ್ನು ನಾನು ಕಂಡಿದ್ದೇನೆ. ಆದರೆ ಅವು ಬಹುಪಾಲು ಓಡಾಡಿಕೊಂಡಿರುವವರ ಮನೆಗಳು: ಅಡುಗೆಯ ಗೊಡವೆಯಿಲ್ಲ, ಜೊತೆಗಾರರಿದ್ದಾರೆ, ಕರೆಗಂಟೆಗೆ ಜನ ಬರುತ್ತಾರೆ. ಸ್ನಾನಕ್ಕೂ ಊಟಕ್ಕೂ ಕೈ ಹಿಡಿಯಬೇಕಾದವರಿಗೆ ಅಸಿಸ್ಟೆಡ್ ಲಿವಿಂಗ್ ಎಂಬ ಬೇರೆ ಏರ್ಪಾಡಿದೆ, ಡಿಮೆನ್ಶಿಯಾದವರಿಗೆ ಮತ್ತೂ ಬೇರೆ. ವೃದ್ಧಾಶ್ರಮ ಎಂಬ ಒಂದೇ ಹೆಸರಿನಡಿ ನಾವು ಎಲ್ಲವನ್ನೂ ತುಂಬುತ್ತೇವೆ. ಬೆಂಗಳೂರಿನ ಕರುಣಾಶ್ರಯವನ್ನೂ ಕೆಲವರು ಆಶ್ರಮವೆಂದು ತಿಳಿದು ವಿಚಾರಿಸುತ್ತಾರೆ, ಅದು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸುವ ಉಚಿತ ಆರೈಕೆಯ ತಾಣ. ಸರ್ಕಾರದ ಅನುದಾನದಲ್ಲಿ ನಡೆಯುವ ವೃದ್ಧಾಶ್ರಮಗಳ ವಿವರ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ.

ಯಾವುದನ್ನೇ ನೋಡಲು ಹೋದರೂ ಅವರು ಕರೆದ ಹೊತ್ತಿಗೆ ಹೋಗಬೇಡಿ. ಸಂಜೆ ಏಳಕ್ಕೆ ಹೇಳದೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಹಾಯಕಿಯರು? ಮೂತ್ರದ ವಾಸನೆ ಬರುತ್ತಿದೆಯೇ? ಸಿಬ್ಬಂದಿ ಅಜ್ಜಿಯಂದಿರನ್ನು ಹೆಸರು ಹಿಡಿದು ಕರೆಯುತ್ತಾರೆಯೇ? ಅಮ್ಮ ಹಾಸಿಗೆ ಹಿಡಿದರೆ ಇಲ್ಲೇ ಇಟ್ಟುಕೊಳ್ಳುತ್ತೀರಾ, ವಾಪಸ್ ಕಳಿಸುತ್ತೀರಾ? ಅತಿ ಮುಖ್ಯವಾದದ್ದು ಈ ಕೊನೆಯ ಪ್ರಶ್ನೆ. ಉತ್ತರ ಒಪ್ಪಂದದಲ್ಲಿ ಬರವಣಿಗೆಯಲ್ಲಿರಬೇಕು. ಠೇವಣಿ ಎಷ್ಟು ದಿನಕ್ಕೆ ವಾಪಸ್, ತಿಂಗಳ ದರದ ಹೊರಗೆ ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆಯ ಓಡಾಟಕ್ಕೆ ಎಷ್ಟು ಎಂಬುದೂ ಅಲ್ಲೇ ಇರಲಿ. ಮನೆ ಕೊಳ್ಳುವಂಥದ್ದಾದರೆ ರೇರಾ ನೋಂದಣಿ ನೋಡಿ. ನಿವೃತ್ತರ ವಸತಿಗೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಅದನ್ನು ಪಾಲಿಸುತ್ತೀರಾ ಎಂದು ನೇರವಾಗಿ ಕೇಳಿ. ಕೊಳ್ಳುವ ಮೊದಲು ಒಂದು ತಿಂಗಳು ಬಾಡಿಗೆಗೆ ಇದ್ದು ನೋಡಲು ಬಿಡದ ಜಾಗಕ್ಕೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ದಾನಪತ್ರದ ಮಾತನ್ನು ಮಾತ್ರ ಇಂದೇ ನಿಲ್ಲಿಸಿ. ನಿಮ್ಮ ಅಣ್ಣ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ದಾನವಾಗಿ ಪಡೆಯಲು ವಿದೇಶಿ ವಿನಿಮಯದ ನಿಯಮಗಳು ಬಿಡುವುದಿಲ್ಲ, ಉತ್ತರಾಧಿಕಾರದಿಂದ ಬಂದರೆ ಅಡ್ಡಿಯಿಲ್ಲ. ಅದಕ್ಕಿಂತ ದೊಡ್ಡ ಮಾತು ಅಮ್ಮನ ಕೈಯ ಆಸರೆಯದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿ (ಎಸಿ) ಕಚೇರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಆದರೆ ಷರತ್ತು ಇದ್ದದ್ದೇ ಸಾಬೀತಾಗದಿದ್ದರೆ ಈ ಸೆಕ್ಷನ್ ನೆರವಿಗೆ ಬಾರದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯ ತೀರ್ಪೊಂದರಲ್ಲಿ ಅದೇ ಕೋರ್ಟ್ ಹಿರಿಯರ ಪರವಾಗಿ ಉದಾರವಾಗಿ ಓದಿದೆ ನಿಜ, ಹಾಗೆಂದು ಎಪ್ಪತ್ತಾರರ ಜೀವವನ್ನು ಕಚೇರಿ ಮೆಟ್ಟಿಲು ಹತ್ತಿಸುವುದೇಕೆ? ಅಮ್ಮ ಬೇಕಾದರೆ ವಿಲ್ ಬರೆಯಲಿ. ಇರುವಷ್ಟು ಕಾಲ ಎಲ್ಲವೂ ಅವರದೇ, ಮನಸ್ಸು ಬದಲಾದರೆ ವಿಲ್ಲನ್ನೂ ಬದಲಿಸಬಹುದು. ಮರೆವಿನ ಮಾತು ಎದ್ದಿರುವುದರಿಂದ, ಅವರಿಗೆ ಎಲ್ಲ ತಿಳಿಯುತ್ತಿದೆ ಎಂಬ ಡಾಕ್ಟರ ಪ್ರಮಾಣಪತ್ರ ಅದರ ಜೊತೆಗಿದ್ದರೆ ಮುಂದೆ ತಕರಾರು ಬಾರದು. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಈ ಕಾನೂನಿನ ಬಗ್ಗೆ ಉಚಿತವಾಗಿ ತಿಳಿಸುತ್ತಾರೆ.

ಚಿಕ್ಕಪ್ಪನವರ ಮಾತಿಗೆ ನೀವು ನೊಂದಿದ್ದೀರಿ. ಅವರಿಗೆ ಫೋನ್ ಮಾಡಿ, ‘ಚಿಕ್ಕಪ್ಪ, ವಾರಕ್ಕೆ ಎರಡು ಸಂಜೆ ಅಮ್ಮನ ಹತ್ತಿರ ಕೂತು ಮಾತಾಡಿಸಿಕೊಂಡು ಬರ್ತೀರಾ’ ಎಂದು ಮನಸಾರೆ ಕೇಳಿ. ಒಪ್ಪಿದರೆ ಅಮ್ಮನಿಗೆ ಅಷ್ಟು ಜೊತೆಯಾಯಿತು. ಒಪ್ಪದಿದ್ದರೆ ಅವರ ಬೈಗುಳಕ್ಕೆ ನೀವು ನಿದ್ದೆ ಕಳೆದುಕೊಳ್ಳಬೇಕಿಲ್ಲ. ಮುಂದೊಂದು ದಿನ ಅಮ್ಮನಿಗೆ ಆರು ಕೆಲಸಗಳಲ್ಲಿ ನಾಲ್ಕು ಕೈಲಾಗದೆ ಹೋಗಬಹುದು, ಆಗ ಒಳ್ಳೆಯ ಆರೈಕೆ ಮನೆಯೇ ಸರಿಯಾದ ಜಾಗವೂ ಆಗಬಹುದು. ನುರಿತ ಕೈಗಳ ನಡುವೆ ತಾಯಿ ಶುಚಿಯಾಗಿ, ನೋವಿಲ್ಲದೆ ಇರಲೆಂದು ಬಯಸಿದ ಮಗಳು ತಾಯಿಯನ್ನು ಕೈಬಿಟ್ಟವಳಲ್ಲ. ಆ ದಿನ ಬರುವ ಮೊದಲೇ ಎರಡು ಮೂರು ಜಾಗ ನೋಡಿಟ್ಟಿರಿ. ಆಸ್ಪತ್ರೆಯವರು ಡಿಸ್ಚಾರ್ಜ್ ಎಂದಾಗ ಗಾಬರಿಯಲ್ಲಿ ಹುಡುಕಿದವರೇ ಹೆಚ್ಚು ಮೋಸಹೋಗುವುದು.

ಈ ಶುಕ್ರವಾರ ರಾತ್ರಿಯ ಬಸ್ಸು ಹಿಡಿಯಿರಿ. ಶನಿವಾರ ಸಂಜೆ ಜಗಲಿಯಲ್ಲಿ ಕೂತಾಗ, ‘ಅಮ್ಮಾ, ರಾತ್ರಿ ಹೆದರಿಕೆ ಆಗತ್ತಾ? ಯಾರು ಜೊತೆಗಿದ್ದರೆ ನಿಂಗೆ ಸಮಾಧಾನ?’ ಎಂದು ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಭಾನುವಾರ ಇನ್ನೊಮ್ಮೆ ಕೇಳಿದರಾಯಿತು. ಬಚ್ಚಲ ಹಿಡಿಕೆ ಕೂರಿಸುವವರಿಗೆ ಮಾತ್ರ ಶನಿವಾರ ಬೆಳಿಗ್ಗೆಯೇ ಬರಲು ಹೇಳಿಡಿ, ಅದಕ್ಕೆ ಯಾವ ಡಾಕ್ಟರ ವರದಿಗೂ ಕಾಯಬೇಕಿಲ್ಲ.